ಕಾಲಿನ ಕಡೆ ನಿಂತವಳು

ಬೈಪಾಸ್ ಆಗಿದೆ ಎಂದು ಹೇಳುವವರೆಲ್ಲ ಎದೆ ಮುಟ್ಟಿ ತೋರಿಸುತ್ತಾರೆ. ಕಾಲು ತೋರಿಸುವವರನ್ನು ನಾನು ಕಂಡಿಲ್ಲ. ಆದರೆ ಹೃದಯಕ್ಕೆ ಹೊಲಿಯುವ ಹೊಸ ನಾಳ ಅಂಗಡಿಯಿಂದ ಬರುವುದಿಲ್ಲ, ಹೆಚ್ಚಿನವರಲ್ಲಿ ಅವರ ಕಾಲಿನಿಂದಲೇ ಬರಬೇಕು. ಪಾದದ ಗಂಟಿನ ಒಳಬದಿಯಿಂದ ತೊಡೆಸಂದಿನವರೆಗೆ ಚರ್ಮದ ಕೆಳಗೆ ಒಂದು ಉದ್ದನೆಯ ರಕ್ತನಾಳ ಹೋಗುತ್ತದೆ. ಅದನ್ನು ಬಿಡಿಸಿ ತೆಗೆದು, ಹೃದಯದ ಮೇಲೆ ಮುಚ್ಚಿಹೋದ ಜಾಗವನ್ನು ದಾಟಿಸಿ ಹೊಲಿದರೆ ರಕ್ತಕ್ಕೆ ಹೊಸ ದಾರಿ ಸಿಗುತ್ತದೆ. ಹೊಲಿಯುವವರು ದೊಡ್ಡ ಡಾಕ್ಟರು. ಬಿಡಿಸಿ ಕೊಡುವವರು ಕಾಲಿನ ಕಡೆಯವರು. ತೊಂಬತ್ತರ ದಶಕದ ಆರಂಭದಿಂದ ನಿವೃತ್ತಿಯವರೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕಾಲಿನ ಕಡೆ ನಿಂತವಳು ನಾನು. ಈಗ ಈ ಕೆಲಸಕ್ಕೆ ಓದು ಇದೆ, ಸರ್ಟಿಫಿಕೇಟು ಇದೆ. ಓದಿಕೊಂಡು ಬರುವವರು ಆಗಾಗ ಫೋನ್ ಮಾಡಿ, ಕೆಲಸ ಹೇಗಿರುತ್ತದೆ ಮೇಡಂ ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಲು ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಅರಸೀಕೆರೆ. ಹಾಸನದಲ್ಲಿ ನರ್ಸಿಂಗ್ ಮುಗಿಸಿ ಊರಿನಲ್ಲೇ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದೆ. ನಮ್ಮ ಯಜಮಾನರು ಕಣಕಟ್ಟೆ ಕಡೆಯವರು, ರೈಲ್ವೆಯಲ್ಲಿ ಕೀಮನ್. ಕೀಮನ್ ಎಂದರೆ ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರು, ಕೈಯಲ್ಲಿ ಬಾವುಟ ಹಿಡಿದು ತನ್ನ ಪಾಲಿನ ಹಳಿಯ ಉದ್ದಕ್ಕೂ ದಿನಾ ನಡೆದು, ಸಡಿಲವಾದದ್ದನ್ನು ಬಡಿದು ಬಿಗಿ ಮಾಡುವವನು. ಅವರದು ಬಾಣಾವರದ ದಿಕ್ಕಿನ ಹಳಿ. ಇಡೀ ದಿನ ಒಬ್ಬರೇ ನಡೆಯುವುದು ಅವರಿಗೆ ಹಿಡಿಸಿತ್ತು. ಮಾತು ಕಡಿಮೆ. ನಮಗೆ ಮಕ್ಕಳಾಗಲಿಲ್ಲ. ಬೆಂಗಳೂರಿನಲ್ಲಿ ಹೃದಯದ ಆಪರೇಷನ್ ಥಿಯೇಟರಿಗೆ ಸಿಸ್ಟರುಗಳು ಬೇಕಾಗಿದ್ದಾರೆಂದು ತಿಳಿದಾಗ, ಅರ್ಜಿ ಹಾಕಲೇ, ಬೇಡವೇ ಎಂದು ಅವರನ್ನು ಕೇಳಿದೆ. ಹಾಕು, ಓಡಾಡಕ್ಕೆ ರೈಲೈತಲ್ಲ ಎಂದರು. ವಾರಕ್ಕೊಂದು ದಿನ ಮನೆ, ಉಳಿದ ದಿನ ಹಾಸ್ಟೆಲ್ ಎಂಬ ಬದುಕು ಹಾಗೆ ಶುರುವಾಯಿತು. ಎರಡು ಮೂರು ವರ್ಷ ಇದ್ದು ಬರೋಣ ಎಂದುಕೊಂಡು ಹೋದವಳು ಅಲ್ಲೇ ನಿವೃತ್ತಳಾದೆ.

ಕಾಲಿನ ಕೆಲಸವನ್ನು ಮೊದಲು ಕಿರಿಯ ಡಾಕ್ಟರುಗಳು ಮಾಡುತ್ತಿದ್ದರು. ಅವರ ಕಣ್ಣೆಲ್ಲ ಎದೆಯ ಕಡೆಗೇ ಇರುತ್ತಿತ್ತು. ಕೈ ಪಳಗುವ ಹೊತ್ತಿಗೆ ಬೇರೆ ಊರಿಗೆ ಹೊರಟುಹೋಗುತ್ತಿದ್ದರು. ಇದರಿಂದ ಬೇಸತ್ತ ದೊಡ್ಡ ಡಾಕ್ಟರು, ಪಕ್ಕದಲ್ಲಿ ಉಪಕರಣ ಕೊಡುತ್ತಿದ್ದ ನನಗೇ ಈ ಕೆಲಸ ಕಲಿಸಲು ನಿಂತರು. ಮೃದುವಾಗಿ ಮಾತಾಡುವ ಮನುಷ್ಯರಲ್ಲ. ನಾಳವನ್ನು ಚಿಮಟದಲ್ಲಿ ಹಿಡಿದರೆ ಕೈಗೆ ತಟ್ಟುತ್ತಿದ್ದರು. ಅದರ ಸುತ್ತಲಿನ ಮಾಂಸವನ್ನು ಹಿಡಿ, ಅದನ್ನು ಹಿಡಿಯಬೇಡ ಎನ್ನುವರು. ಕವಲುಗಳನ್ನು ಕಟ್ಟುವಾಗ ತೀರ ಒತ್ತಿ ಕಟ್ಟಿದರೆ ನಾಳ ಅಲ್ಲಿ ಸೊಟ್ಟಗಾಗಿ ಕಿರಿದಾಗುತ್ತದೆ, ದೂರ ಕಟ್ಟಿದರೆ ಮೊಂಡು ಉಳಿದು ರಕ್ತ ಹೆಪ್ಪುಗಟ್ಟುತ್ತದೆ. ಬಿಡಿಸಿದ ಮೇಲೆ ಸಿರಿಂಜಿನಲ್ಲಿ ನೀರು ತುಂಬಿ ಸೋರುತ್ತದೆಯೇ ಎಂದು ನೋಡುವಾಗ ಜೋರಾಗಿ ಒತ್ತಿದರೆ ಒಳಪದರ ಹರಿಯುತ್ತದೆ. ಆ ದಿನ ಏನೂ ಗೊತ್ತಾಗುವುದಿಲ್ಲ, ವರ್ಷ ಕಳೆದ ಮೇಲೆ ಆ ನಾಳ ಮುಚ್ಚಿಕೊಳ್ಳುತ್ತದೆ. ನೀನು ಇವತ್ತು ಮಾಡಿದ್ದು ತಪ್ಪೋ ಸರಿಯೋ ಎನ್ನುವುದು ನಿನಗೆ ಎಂದೂ ತಿಳಿಯುವುದಿಲ್ಲ, ಅದಕ್ಕೇ ಹೆದರಿಕೊಂಡು ಮಾಡು ಎಂದಿದ್ದರು. ನಾನು ಕೇಳಿದ ಪಾಠಗಳಲ್ಲಿ ಅದು ದೊಡ್ಡದು.

ನಾಳಕ್ಕೆ ಮೇಲು ಕೆಳಗು ಇದೆ. ಒಳಗೆ ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಕವಾಟಗಳಿರುತ್ತವೆ. ಆದ್ದರಿಂದ ಹೃದಯಕ್ಕೆ ಹೊಲಿಯುವಾಗ ನಾಳವನ್ನು ತಲೆಕೆಳಗು ಮಾಡಿ ಹೊಲಿಯಬೇಕು, ಪಾದದ ಕಡೆಯ ತುದಿ ಯಾವುದೆಂದು ಗುರುತು ಮಾಡಿ ಕೊಡಬೇಕು. ಒಮ್ಮೆ ಊಟಕ್ಕೆ ಹೊರಡುವ ಆತುರದಲ್ಲಿದ್ದ ಕಿರಿಯ ಡಾಕ್ಟರೊಬ್ಬರು ಗುರುತು ಹಾಕದೆ ಎರಡು ತುಂಡುಗಳನ್ನು ಬಟ್ಟಲಿಗೆ ಹಾಕಿಬಿಟ್ಟರು. ದೊಡ್ಡ ಡಾಕ್ಟರು ಯಾವ ತುದಿ ಎಂದು ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ಹೃದಯವನ್ನು ನಿಲ್ಲಿಸಿ ಆಗಿತ್ತು, ಯಂತ್ರ ರಕ್ತ ತಿರುಗಿಸುತ್ತಿತ್ತು. ದೊಡ್ಡ ಡಾಕ್ಟರು ತಾವೇ ಸಿರಿಂಜು ತೆಗೆದುಕೊಂಡು ಒಂದು ತುದಿಯಿಂದ ನೀರು ಬಿಟ್ಟರು, ಹೋಗಲಿಲ್ಲ. ಇನ್ನೊಂದು ತುದಿಯಿಂದ ಬಿಟ್ಟರು, ಹೋಯಿತು. ಆ ಕಿರಿಯ ಡಾಕ್ಟರಿಗೆ ಅವರು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ ಎಂದು ಆತ ಆಮೇಲೆ ನನ್ನ ಹತ್ತಿರ ಹೇಳಿಕೊಂಡರು.

ಈ ಕೆಲಸ ಒಂಟಿ ಕೆಲಸ ಎನ್ನುವುದನ್ನು ಬರುವವರು ತಿಳಿದೇ ಬರಬೇಕು. ನಾಳ ಬಿಡಿಸಿ ಕೊಡುವವರೆಗೆ ಎಲ್ಲರಿಗೂ ನಾವು ಬೇಕು, ಆಯಿತೇ, ಎಷ್ಟುದ್ದ ಸಿಕ್ಕಿತು ಎಂದು ಕೇಳುತ್ತಿರುತ್ತಾರೆ. ಕೊಟ್ಟಮೇಲೆ ಎಲ್ಲರ ತಲೆಯೂ ಎದೆಯ ಮೇಲೆ ಬಾಗುತ್ತದೆ. ಮೇಜಿನ ಈ ತುದಿಯಲ್ಲಿ ಬಿಚ್ಚಿದ ಒಂದು ಕಾಲು ಮತ್ತು ನಾನು. ಅದನ್ನು ಮೊಣಕಾಲಿನಿಂದ ಕೆಳಕ್ಕೆ, ಮೇಲಕ್ಕೆ ಹೊಲಿಯುತ್ತಾ ಹೋಗಬೇಕು. ರೋಗಿಯ ಮುಖ ನಾನು ನೋಡಿರುತ್ತಿರಲಿಲ್ಲ. ಎಚ್ಚರವಾದ ಮೇಲೆ ಅವರು ನನ್ನ ಮುಖ ನೋಡುತ್ತಿರಲಿಲ್ಲ. ಮನೆಯವರು ಹಣ್ಣು ಹಂಪಲು, ಹಾರ ತಂದರೆ ಅದು ದೊಡ್ಡ ಡಾಕ್ಟರ ಕೋಣೆಗೆ ಹೋಗುತ್ತಿತ್ತು, ಹೋಗಬೇಕಾದದ್ದೂ ಅಲ್ಲಿಗೇ. ನಾನು ಹಾಸ್ಟೆಲ್ಲಿಗೆ ಹೋಗಿ ಕಾಲು ನೀಡಿ ಕೂತು, ಶನಿವಾರ ಯಾವಾಗ ಬರುತ್ತದೆ ಎಂದು ನೋಡುತ್ತಿದ್ದೆ. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕುತ್ತಿದ್ದ ಕಾಲದಲ್ಲಿ ರೈಲು ನಿಂತು, ಬಸ್ಸಿನಲ್ಲಿ ಬರಬೇಕಾಗಿ, ಮನೆ ಸೇರಿ ಉಂಡು ಮಲಗುವಷ್ಟರಲ್ಲಿ ನನ್ನ ಭಾನುವಾರ ಮುಗಿದಿರುತ್ತಿತ್ತು. ಯಜಮಾನರು ಅಡಿಗೆ ಮಾಡಿಟ್ಟು ಕಾದಿರುತ್ತಿದ್ದರು. ಏನು ಸಮಾಚಾರ ಎಂದರೆ ಏನೂ ಇಲ್ಲ ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ.

ಒಮ್ಮೆ ದೊಡ್ಡ ಡಾಕ್ಟರು ನನ್ನನ್ನು ಕರೆದು, ನಿಮ್ಮ ಕಡೆಯ ಒಬ್ಬ ಪೇಷಂಟು ತಪಾಸಣೆಗೆ ಬಂದೇ ಇಲ್ಲ, ಊರಿಗೆ ಹೋದಾಗ ನೋಡಿಕೊಂಡು ಬಾ ಎಂದರು. ಬೇಲೂರಿನ ಜಯಮ್ಮ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರವಿಕೆ ಹೊಲಿಯುವ ಹೆಂಗಸು. ಭಾನುವಾರ ಬಸ್ಸು ಹಿಡಿದು ಹೋದೆ. ಜಯಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದರು. ಎದೆಯ ಗಾಯ ಗೆರೆ ಎಳೆದ ಹಾಗೆ ಮಾಗಿತ್ತು. ಕಾಲು ಹೇಗಿದೆ ಎಂದು ಕೇಳಿದೆ, ಸೀರೆ ಮೇಲೆತ್ತಿ ತೋರಿಸಿದರು. ಸಕ್ಕರೆ ಕಾಯಿಲೆ ಇದ್ದವರು. ಮೀನಖಂಡದ ಹತ್ತಿರ ಹೊಲಿಗೆ ಬಿಟ್ಟು ಗಾಯ ಬಾಯಿ ತೆರೆದಿತ್ತು. ಆ ಕಾಲಿನಲ್ಲೇ ಅವರು ಮೆಷಿನ್ ತುಳಿಯುತ್ತಿದ್ದರು.

"ಎದೆ ಹೆಂಗೈತೆ ಅಂತ ಬಂದೋರೆಲ್ಲ ಕೇಳ್ತಾರೆ. ಕಾಲು ಹೆಂಗೈತೆ ಅಂತ ನೀವೇ ಮೊದ್ಲು ಕೇಳಿದ್ದು" ಎಂದರು ಜಯಮ್ಮ. ಆಮೇಲೆ, "ಇಷ್ಟುದ್ದ ಯಾಕೆ ಕೊಯ್ದ್ರೋ, ಯಾರು ಕೊಯ್ದ್ರೋ" ಎಂದರು.

"ಕೊಯ್ದೋಳು ನಾನೇ ಕಣಮ್ಮ" ಎಂದೆ.

ಸಿಟ್ಟಾಗುತ್ತಾರೆ ಎಂದುಕೊಂಡೆ. ಬದಲಿಗೆ, ಈ ಕಾಲಲ್ಲಿ ತುಳಿಯುತ್ತೀನಿ ಎಂದು ನಿಮಗೆ ಯಾರೂ ಹೇಳಲಿಲ್ಲವೇ ಎಂದು ಕೇಳಿದರು. ಯಾರೂ ಹೇಳಿರಲಿಲ್ಲ. ಆಗ ಎಲ್ಲ ಕಡೆಯೂ ನಾಳ ತೆಗೆಯುತ್ತಿದ್ದದ್ದು ಹಾಗೇ, ಉದ್ದಕ್ಕೆ ಕೊಯ್ದು. ಯಾವ ಕಾಲು ಎಂದು ನಿರ್ಧಾರವಾಗುತ್ತಿದ್ದದ್ದು ನಾಳ ಎಲ್ಲಿ ಚೆನ್ನಾಗಿದೆ ಎಂಬುದರ ಮೇಲೆ. ಆವತ್ತು ಗಾಯ ತೊಳೆದು ಕಟ್ಟಿ, ಬೇಲೂರಿನ ಆಸ್ಪತ್ರೆಯಲ್ಲಿ ದಿನಾ ಡ್ರೆಸ್ಸಿಂಗಿಗೆ ಹೇಳಿ ಬಂದೆ. ಮುಂದೆ ಹೋಗಿ ಬರುತ್ತಲೇ ಇದ್ದೆ. ಮಾಗಲು ಬಹಳ ಕಾಲ ಹಿಡಿಯಿತು. ಅಲ್ಲಿಂದ ಮುಂದೆ ನಾನು ಪ್ರತಿ ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿಗೆ ಹೋಗಿ ರೋಗಿಯನ್ನು ನಿಲ್ಲಿಸಿ ಎರಡೂ ಕಾಲು ನೋಡುವುದು, ಏನು ಕೆಲಸ ಮಾಡುತ್ತೀರಿ, ಯಾವ ಕಾಲಿನ ಮೇಲೆ ಭಾರ ಎಂದು ಕೇಳುವುದು ರೂಢಿ ಮಾಡಿಕೊಂಡೆ. ಅವರ ಮುಖವೂ ಆಗ ನೋಡಿದಂತಾಗುತ್ತಿತ್ತು. ದೊಡ್ಡ ಡಾಕ್ಟರು ಇದಕ್ಕೆ ಬೇಡ ಎನ್ನಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕ್ಯಾಮೆರಾ ಬಂತು. ಮೊಣಕಾಲಿನ ಹತ್ತಿರ ಎರಡು ಬೆರಳಗಲ ಕೊಯ್ದು, ಒಳಗೆ ಕೊಳವೆ ತೂರಿಸಿ, ಟಿ.ವಿ. ಪರದೆ ನೋಡಿಕೊಂಡೇ ಇಡೀ ನಾಳ ಬಿಡಿಸಿ ಎಳೆದುಕೊಳ್ಳುವುದು. ಗಾಯ ಬೇಗ ಮಾಗುತ್ತದೆ, ಕೀವು ಆಗುವುದಿಲ್ಲ, ಜನ ಮೂರನೆಯ ದಿನಕ್ಕೇ ಆರಾಮಾಗಿ ಓಡಾಡುತ್ತಾರೆ. ನಮ್ಮಲ್ಲಿ ಅದನ್ನು ಮೊದಲು ಕಲಿತವರು ಡಾಕ್ಟರ್ ವಿಮಲಾ. ಹಾಲಿನಂಥ ಮನಸ್ಸಿನ ಹೆಂಗಸು. ನನ್ನ ಹತ್ತಿರ ಉದ್ದದ ಕೊಯ್ತ ಕಲಿತು, ಆಮೇಲೆ ಕ್ಯಾಮೆರಾದ ಕೆಲಸವನ್ನು ನನಗೆ ಕಲಿಸಿದವರು. ಜಯಮ್ಮನ ಕಾಲು ನೋಡಿದ್ದ ನನಗೆ ಇದು ದೇವರು ಕೊಟ್ಟದ್ದು ಎನ್ನಿಸಿತು.

ಹಾಗೆ ತೆಗೆದವರಲ್ಲಿ ಹಳೇಬೀಡಿನ ಒಬ್ಬ ಮೇಷ್ಟ್ರು ಇದ್ದರು. ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು. ಊರಿಗೆ ಬಂದಾಗ ಅವರ ಮನೆಗೂ ಹೋಗಿ ನೋಡಿದೆ. ಪಂಚೆ ಎತ್ತಿ ತೋರಿಸಿದರು, ಎಲ್ಲಿ ಕೊಯ್ದದ್ದು ಎಂದು ಹುಡುಕಬೇಕು, ಹಾಗಿತ್ತು ಕಾಲು. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದು ಬರುತ್ತೇನೆ ಎಂದು ಹೆಮ್ಮೆಯಿಂದ ಹೇಳಿದರು. ಅವರ ಹೆಂಡತಿ ಕೋಡುಬಳೆ ಕೊಟ್ಟರು. ಎರಡನೆಯ ವರ್ಷ ಮೇಷ್ಟ್ರಿಗೆ ಮತ್ತೆ ಎದೆನೋವು ಬಂತು. ಬೆಂಗಳೂರಿಗೆ ಕರೆತಂದು ರಕ್ತನಾಳಕ್ಕೆ ಬಣ್ಣ ಬಿಟ್ಟು ಆಂಜಿಯೋಗ್ರಾಮ್ ಚಿತ್ರ ತೆಗೆದರೆ, ಕಾಲಿನಿಂದ ಹಾಕಿದ್ದ ಎರಡು ನಾಳಗಳೂ ಮುಚ್ಚಿದ್ದವು. ಎದೆಯ ಒಳಗೋಡೆಯಿಂದಲೇ ತಿರುಗಿಸಿಕೊಂಡಿದ್ದ ಒಂದು ನಾಳ ಮಾತ್ರ ಓಡುತ್ತಿತ್ತು. ಆ ನಾಳ ಬಹಳ ಕಾಲ ಬಾಳುತ್ತದೆ, ಆದರೆ ಅದೊಂದೇ ಎಲ್ಲ ಕಡೆಗೂ ಸಾಲದು. ಮೇಷ್ಟ್ರು ಆಸ್ಪತ್ರೆಯಲ್ಲೇ ತೀರಿಕೊಂಡರು.

ನಾನು ಕೇಳಬಾರದೆಂದುಕೊಂಡೂ ದೊಡ್ಡ ಡಾಕ್ಟರನ್ನು ಕೇಳಿದೆ, ಕೊಳವೆಯಲ್ಲಿ ಎಳೆದದ್ದಕ್ಕೆ ಹೀಗಾಯಿತೇ ಎಂದು. ಗೊತ್ತಿಲ್ಲ, ಒಬ್ಬರನ್ನು ನೋಡಿ ಶಾಸ್ತ್ರ ಮಾಡಬೇಡ, ಉದ್ದಕ್ಕೆ ಕೊಯ್ದು ತೆಗೆದದ್ದೂ ಮುಚ್ಚುತ್ತದೆ ಎಂದರು. ಅದೂ ನಿಜ. ಆದರೆ ಹೊರದೇಶದಲ್ಲಿ ಕೆಲವರು ಉದ್ದಕ್ಕೇ ಕೊಯ್ದು, ನಾಳವನ್ನು ಮುಟ್ಟದೆ ಅದರ ಸುತ್ತಲಿನ ಕೊಬ್ಬಿನ ಸಮೇತ ತೆಗೆಯುತ್ತಾರೆ, ನೀರು ತುಂಬಿ ಹಿಗ್ಗಿಸುವುದೂ ಇಲ್ಲ, ಹಾಗೆ ತೆಗೆದದ್ದು ಹೆಚ್ಚು ಕಾಲ ಬಾಳುತ್ತದೆ ಎನ್ನುತ್ತಾರೆ ಎಂದೂ ಹೇಳಿದರು. ನಮ್ಮಲ್ಲೂ ಕೆಲವರಿಗೆ ಹಾಗೆ ಮಾಡಿದೆವು. ಕಾಲಿಗೆ ಅದು ಎಲ್ಲಕ್ಕಿಂತ ಕಷ್ಟ. ಗಾಯ ನಿಧಾನ, ಊತ, ಪಾದದ ಒಳಬದಿಗೆ ಜೋಮು. ಕಾಲಿನ ಮಾತು ಕೇಳಬೇಕೋ, ಎದೆಯ ಮಾತು ಕೇಳಬೇಕೋ? ಜಯಮ್ಮನ ಕಾಲು ಹಾಳಾಗಿತ್ತು, ಅವರು ವರ್ಷಗಟ್ಟಲೆ ಬದುಕಿ ಹೊಲಿಯುತ್ತಿದ್ದರು. ಮೇಷ್ಟ್ರ ಕಾಲು ಚೆನ್ನಾಗಿತ್ತು.

ಈ ಪ್ರಶ್ನೆ ನನ್ನ ಮನೆಗೇ ಬಂತು. ಒಂದು ಶನಿವಾರ ಬಂದಾಗ ಯಜಮಾನರು ಜಗಲಿಯ ಮೇಲೆ ಕೂತಿದ್ದರು, ಒಳಗೆ ಎದ್ದು ಬರಲಿಲ್ಲ. ಅಡಿಗೆ ಆಗಿರಲಿಲ್ಲ. ಕೇಳಿದರೆ ಗ್ಯಾಸು ಎಂದರು. ನಡೆಯುವಾಗ ಎದೆ ಬಿಗಿದು, ಹಳಿಯ ಮೇಲೆ ಕೂತು ಸುಧಾರಿಸಿಕೊಂಡು ಮತ್ತೆ ನಡೆಯುತ್ತಿದ್ದುದನ್ನು ತಿಂಗಳುಗಳಿಂದ ಯಾರಿಗೂ ಹೇಳಿರಲಿಲ್ಲ. ಹೃದಯದ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹೆಂಡತಿಗೂ. ರೈಲ್ವೆ ಆಸ್ಪತ್ರೆಯವರು ನಮ್ಮಲ್ಲಿಗೇ ಕಳಿಸಿದರು. ಮೂರು ಕಡೆ ಮುಚ್ಚಿತ್ತು.

ನಾಳ ನಾನು ತೆಗೆಯುವ ಹಾಗಿರಲಿಲ್ಲ. ಮನೆಯವರ ಮೇಲೆ ಕೈ ಇಡಬಾರದು, ನೀನು ಹೊರಗೆ ಕೂತಿರು ಎಂದು ದೊಡ್ಡ ಡಾಕ್ಟರು ಮೊದಲೇ ಹೇಳಿಬಿಟ್ಟರು. ವಿಮಲಾ ತೆಗೆಯುವುದೆಂದಾಯಿತು. ಹೇಗೆ ತೆಗೆಯಲಿ ಸಿಸ್ಟರ್, ಎರಡೂ ನನಗೆ ಬರುತ್ತದೆ, ಇಬ್ಬರೂ ಮಾತಾಡಿಕೊಂಡು ಹೇಳಿ ಎಂದರು. ಹಿಂದಿನ ಸಂಜೆ ನಾನು ಬೇರೆ ರೋಗಿಗಳನ್ನು ನಿಲ್ಲಿಸುವ ಹಾಗೆ ಯಜಮಾನರನ್ನೂ ನಿಲ್ಲಿಸಿ ಕಾಲು ನೋಡಿದೆ. ಹಳಿಯ ಜಲ್ಲಿಯ ಮೇಲೆ ನಡೆದು ನಡೆದು ಗಟ್ಟಿಯಾದ ಕಾಲು. ನಾಳ ಚೆನ್ನಾಗಿತ್ತು. ಎರಡು ವಿಧವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಸಣ್ಣ ಕೊಯ್ತದಲ್ಲಿ ಕಾಲು ಉಳಿಯುತ್ತದೆ. ಉದ್ದ ಕೊಯ್ತದಲ್ಲಿ ಕಾಲು ಬಹಳ ದಿನ ಕಾಡುತ್ತದೆ, ತಿಂಗಳು ಡ್ರೆಸ್ಸಿಂಗ್ ಬೇಕಾದೀತು, ಲೈನಿನ ಕೆಲಸ ಹೋದರೂ ಹೋಯಿತು. ಆದರೆ ನಾಳ ಹೆಚ್ಚು ಬಾಳಬಹುದು, ಖಂಡಿತ ಎಂದು ಯಾರೂ ಹೇಳಲಾರರು.

"ನೀನೇನಂತೀಯ?" ಎಂದರು.

"ನನ್ನ ಕೇಳಬೇಡಿ."

"ಇಷ್ಟು ವರ್ಷ ಊರೋರಿಗೆಲ್ಲ ಹೇಳ್ತಾ ಬಂದಿದೀಯ. ನನಗೆ ಹೇಳಕ್ಕಾಗಕಿಲ್ವಾ?"

ನನ್ನ ಕಣ್ಣ ಮುಂದೆ ಮೇಷ್ಟ್ರಿದ್ದರು. ಉದ್ದಕ್ಕೇ ತೆಗೆಸೋಣ ಎಂದೆ. ಅವರು ಒಂದು ಕ್ಷಣವೂ ಯೋಚಿಸದೆ ಆಗಲಿ ಎಂದರು. ಕಾಲೇ ಬದುಕಾದ ಮನುಷ್ಯ ಅಷ್ಟು ಬೇಗ ಒಪ್ಪಿದ್ದು ನನಗೆ ಆಶ್ಚರ್ಯವಾಯಿತು. ನನ್ನ ಮೇಲಿನ ನಂಬಿಕೆ ಎಂದುಕೊಂಡೆ, ಅದರಿಂದ ಇನ್ನೂ ಹೆದರಿಕೆಯಾಯಿತು.

ಮರುದಿನ ಮೊದಲ ಸಲ ನಾನು ಬಾಗಿಲ ಹೊರಗೆ ಕೂತೆ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು, ನಿಮ್ಮವರಿಗೆ ಯಾವ ಡಾಕ್ಟರು ಎಂದು ಕೇಳಿದರು. ದೊಡ್ಡ ಡಾಕ್ಟರ ಹೆಸರು ಹೇಳಿದೆ. ನಾನೂ ಕಾಲಿನವರ ಹೆಸರು ಹೇಳಲಿಲ್ಲ. ಒಳಗೆ ಯಾವಾಗ ಏನು ನಡೆಯುತ್ತಿದೆ ಎಂದು ಬಲ್ಲವಳಿಗೆ ಹೊರಗೆ ಕೂರುವುದು ಬೇರೆಯವರಿಗಿಂತ ಕಷ್ಟ. ಈಗ ಕೊಯ್ದಿರುತ್ತಾರೆ, ಈಗ ಕವಲು ಕಟ್ಟುತ್ತಿರುತ್ತಾರೆ, ಈಗ ಹೃದಯ ನಿಂತಿರುತ್ತದೆ. ಎಲ್ಲರಿಗಿಂತ ಮೊದಲು ವಿಮಲಾ ಹೊರಗೆ ಬಂದರು, ಕಾಲಿನವರ ಕೆಲಸ ಮೊದಲು ಮುಗಿಯುತ್ತದಲ್ಲ. ನಾಳ ಒಳ್ಳೆಯದಿತ್ತು ಸಿಸ್ಟರ್, ಮುಟ್ಟದೆ ತೆಗೆದಿದ್ದೇನೆ ಎಂದು ನನ್ನ ಕೈ ಹಿಡಿದುಕೊಂಡು ನಿಂತರು. ಅಷ್ಟು ವರ್ಷಗಳಲ್ಲಿ ನಾನು ಹಾಗೆ ಯಾರ ಮನೆಯವರ ಹತ್ತಿರವೂ ಹೊರಗೆ ಬಂದು ನಿಂತಿರಲಿಲ್ಲ. ಕಲಿಯುವವರು ಇದನ್ನು ವಿಮಲಾ ಅವರಿಂದ ಕಲಿಯಲಿ.

ಯಜಮಾನರು ಉಳಿದರು. ಕಾಲು ಮಾತ್ರ ನಾನು ಹೆದರಿದ ಹಾಗೇ ಆಯಿತು. ರಜೆ ಹಾಕಿ ಅರಸೀಕೆರೆಗೆ ಕರೆದುಕೊಂಡು ಬಂದು ದಿನಾ ಗಾಯ ತೊಳೆದು, ಸಂಜೆ ಆರರ ಹೊತ್ತಿಗೆ ಊತ ಇಳಿಯಲೆಂದು ಪಾದದಿಂದ ತೊಡೆಯವರೆಗೆ ಕ್ರೇಪ್ ಬ್ಯಾಂಡೇಜ್ ಸುತ್ತುತ್ತಿದ್ದೆ. ಮದುವೆಯಾದ ಹೊಸತು ಬಿಟ್ಟರೆ ನಾವು ಅಷ್ಟು ದಿನ ಒಟ್ಟಿಗೆ ಇದ್ದದ್ದೇ ಇಲ್ಲ. ಒಬ್ಬರ ಅಭ್ಯಾಸ ಇನ್ನೊಬ್ಬರಿಗೆ ತಿಳಿಯದು. ಅವರು ಕಾಫಿಗೆ ಸಕ್ಕರೆ ಬಿಟ್ಟಿದ್ದು ನನಗೆ ಗೊತ್ತಿರಲಿಲ್ಲ. ನಾನು ರೇಡಿಯೋ ಹಾಕಿದರೆ ಅವರು ಹೊರಗೆ ಹೋಗಿ ಕೂರುತ್ತಿದ್ದರು. ಗಾಯ ಕಟ್ಟುವಾಗ ಗೋಡೆ ನೋಡುತ್ತಿದ್ದರು, ನೋವೇ ಎಂದರೆ ಇಲ್ಲ ಎನ್ನುತ್ತಿದ್ದರು. ಉದ್ದ ಕೊಯ್ತ ಹೇಳಿದ್ದಕ್ಕೆ ಬೇಸರವಿರಬೇಕು, ಬಾಯಿ ಬಿಟ್ಟು ಅನ್ನುತ್ತಿಲ್ಲ ಎಂದು ನಾನು ಮನಸ್ಸಿನಲ್ಲೇ ಕುಗ್ಗಿದೆ. ಆಸ್ಪತ್ರೆಯಿಂದ ಕೈ ಸಾಲದು ಬೇಗ ಬನ್ನಿ ಎಂದು ಫೋನ್ ಬಂದಾಗ, ನಿಜ ಹೇಳಬೇಕೆಂದರೆ ಉಸಿರು ಬಿಟ್ಟಂತಾಯಿತು. ರಜೆ ಮುಗಿಯುವ ಮೊದಲೇ, ಡ್ರೆಸ್ಸಿಂಗಿಗೆ ಪಕ್ಕದ ಬೀದಿಯ ಸಿಸ್ಟರನ್ನು ಗೊತ್ತು ಮಾಡಿ ರೈಲು ಹತ್ತಿದೆ.

ಅವರನ್ನು ಲೈನಿನಿಂದ ತೆಗೆದು ರೈಲ್ವೆಯ ಸಾಮಾನಿನ ಕೋಠಿಯಲ್ಲಿ ಹಗುರ ಕೆಲಸ ಕೊಟ್ಟರು. ಕಾಲು ನೆಟ್ಟಗಿದ್ದರೂ ಬೈಪಾಸ್ ಆದವರನ್ನು ಲೈನಿಗೆ ಬಿಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಅವರು ಅಲ್ಲೇ ಕೂತು ನಿವೃತ್ತರಾದರು. ಕೆಲ ಕಾಲದ ನಂತರ ನಾನೂ ನಿವೃತ್ತಳಾಗಿ ಊರು ಸೇರಿದೆ. ಬರುವ ಮೊದಲು ಅವರನ್ನು ಕರೆಸಿಕೊಂಡು ಮತ್ತೊಮ್ಮೆ ಬಣ್ಣ ಬಿಟ್ಟು ಚಿತ್ರ ತೆಗೆಸಿದೆ. ಕಾಲಿನಿಂದ ಹಾಕಿದ್ದ ನಾಳ ಅಂಚು ಕೂಡ ಒರಟಾಗದೆ ಓಡುತ್ತಿತ್ತು. ಪರದೆ ನೋಡಿ ನಾನು ಅತ್ತೆ. ದೊಡ್ಡ ಡಾಕ್ಟರು, ಒಬ್ಬರನ್ನು ನೋಡಿ ಶಾಸ್ತ್ರ ಮಾಡಬೇಡ ಎಂದು ಮತ್ತೆ ಹೇಳಿ, ಬೆನ್ನು ತಟ್ಟಿ ಹೋದರು.

ಆ ಕಾಲಿನ ಊತ ಪೂರ್ತಿ ಹೋಗಲೇ ಇಲ್ಲ, ಊರಿಗೆ ಬಂದ ಮೇಲೆ ದಿನಾ ಸಂಜೆ ಆರಕ್ಕೆ ಬ್ಯಾಂಡೇಜ್ ಸುತ್ತುವುದು ಮತ್ತೆ ನನ್ನ ಕೆಲಸವಾಯಿತು. ಒಂದು ಸಂಜೆ ಹಾಗೆ ಸುತ್ತುತ್ತಾ, ವರ್ಷಗಳಿಂದ ನುಂಗಿಕೊಂಡಿದ್ದನ್ನು ಕೇಳಿಬಿಟ್ಟೆ. ನಾನು ಹೇಳಿದ್ದಕ್ಕೆ ನಿಮ್ಮ ಕಾಲು ಹೋಯಿತು, ಲೈನು ಹೋಯಿತು, ಮನಸ್ಸಿಗೆ ಬೇಜಾರಿಲ್ಲವೇ ಎಂದು.

ಅವರು ಗೋಡೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು.

"ನೀನು ಹೇಳ್ದೆ ಅಂತ ನಾನು ಒಪ್ಪಲಿಲ್ಲ ಕಣೆ" ಎಂದರು. "ಉದ್ದ ಕೊಯ್ದ್ರೆ ತಿಂಗ್ಳು ಡ್ರೆಸ್ಸಿಂಗ್ ಬೇಕು ಅಂದ್ಯಲ್ಲ. ತಿಂಗ್ಳು ಮನೇಲಿರ್ತೀಯ ಅಂತ ಒಪ್ದೆ."

ಹಾಗಾದರೆ ಫೋನ್ ಬಂದಾಗ ಹೋಗಬೇಡ ಅನ್ನಬೇಕಿತ್ತು ಎಂದೆ.

"ಅಂದಿದ್ರೆ ನೀನು ಇದ್ದುಬಿಡ್ತಿದ್ದೆ. ಅಲ್ಲಿ ಆ ಜನದ ಕಾಲು ನೋಡೋರು ಯಾರು?"

ಅದಾದ ಮೇಲೆ ನಾವು ಕೆಲವು ವರ್ಷ ಒಂದೇ ಮನೆಯಲ್ಲಿದ್ದೆವು. ಮಾತು ಹೆಚ್ಚಾಯಿತು ಎಂದೇನೂ ಅಲ್ಲ. ರೇಡಿಯೋ ಹಾಕಿದರೆ ಅವರು ಹೊರಗೆ ಹೋಗುತ್ತಿರಲಿಲ್ಲ, ಅಷ್ಟೇ. ಅವರು ಹೋದದ್ದು ಹೃದಯದಿಂದಲ್ಲ. ಜ್ವರ ಬಂದು ಶ್ವಾಸಕೋಶಕ್ಕೆ ಇಳಿದು, ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೃದಯ ಗಟ್ಟಿಯಾಗಿದೆ, ಅದೇ ಇಷ್ಟು ದಿನ ಹಿಡಿದಿಟ್ಟಿದ್ದು ಎಂದು ಅಲ್ಲಿನ ಡಾಕ್ಟರು ಹೇಳಿದರು.

ಈಗಲೂ ಹೊಸಬರು ಫೋನ್ ಮಾಡಿ ಯಾವ ವಿಧ ಒಳ್ಳೆಯದು ಎಂದು ಕೇಳುತ್ತಾರೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಹಗಲು ಹೇಗೋ ಕಳೆಯುತ್ತದೆ. ಸಂಜೆ ಆರರ ಹೊತ್ತಿಗೆ ಮಾತ್ರ ನನ್ನ ಕೈಗೆ ಕೆಲಸವಿರುವುದಿಲ್ಲ.